ಆರೋಗ್ಯ ಕೇಂದ್ರಗಳ ಫಲಾಫಲ

ಗ್ರಾಮಾಂತರ ಆರೋಗ್ಯ ಕೇಂದ್ರಗಳ ಸಾಫಲ್ಯವನ್ನು ಕಟ್ಟಡ, ಹಾಸಿಗೆ ಹಾಗೂ ಹೊರರೋಗಿಗಳ ಲೆಕ್ಕದಿಂದ ನಿರ್ಣಯಿಸುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಈ ಅಳತೆಗೋಲು ಸಾಲದೆಂಬುದು ನಮ್ಮ ಅಭಿಪ್ರಾಯ.

ಈ ಕಾರ್ಯವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನವು 1930ರ ದಶಕದಲ್ಲಿಯೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, ಈಗ ರಾಮನಗರವೆನಿಸಿರುವ ಕ್ಲೋಸ್‌ಪೇಟೆಯಲ್ಲಿ ಗ್ರಾಮಾರೋಗ್ಯ ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿತ್ತು. ಹಣವಿಲ್ಲವೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಕೂಡದೆಂದು ಭೋರ್ ಸಮಿತಿಯವರು 1946ರಲ್ಲಿ ಸಾರಿದರು. ಆ ತತ್ತ್ವದ ಫಲವಾಗಿ ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಕೇಂದ್ರ, 1,20,000 ಜನರಿಗೆ 30 ಹಾಸಿಗೆಗಳ ಒಂದು ಸಮುದಾಯ ಕೇಂದ್ರ ಎಂಬ ಪ್ರಮಾಣವು ಗೊತ್ತಾಗಿದೆ.

ಆದ ಒಳಿತನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಕರ್ನಾಟಕದಲ್ಲಿ ಲಕ್ಷ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಮರಣವು 2018-20ರಲ್ಲಿ 69ಕ್ಕೆ ಇಳಿಯಿತು. ಇದರಲ್ಲಿ ದಾದಿಯರ ಮತ್ತು ಆಶಾ ಕಾರ್ಯಕರ್ತೆಯರ ಶ್ರಮದ ಪಾಲು ದೊಡ್ಡದು.

ಆದರೆ ಸಮುದಾಯ ಕೇಂದ್ರದ ಜೀವಾಳವೆಂದರೆ ತಜ್ಞ ವೈದ್ಯರು. ಶಸ್ತ್ರವೈದ್ಯ, ಪ್ರಸೂತಿ ತಜ್ಞ, ಮಕ್ಕಳ ವೈದ್ಯ ಮೊದಲಾದ ಈ ವರ್ಗದಲ್ಲಿ, 2021-22ರ ಕೇಂದ್ರ ಸರ್ಕಾರದ ವರದಿಯ ಪ್ರಕಾರ, ದೇಶದ ಗ್ರಾಮಾಂತರ ಕೇಂದ್ರಗಳಿಗೆ ಬೇಕಾದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಇರಲಿಲ್ಲ. ಶಸ್ತ್ರವೈದ್ಯನಿಲ್ಲದ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಪ್ರಯೋಜನವೇನು? ಅಂತಹ ಕೇಂದ್ರವು ಚೀಟಿ ಬರೆದು ರೋಗಿಯನ್ನು ಪಟ್ಟಣಕ್ಕೆ ಸಾಗಹಾಕುವ ಠಾಣೆಯಾಗುತ್ತದೆ.

ಆನೇಕಲ್ ತಾಲ್ಲೂಕನ್ನು ನೋಡಿರಿ. ಹೊಲಗದ್ದೆಗಳ ನಡುವೆಯೇ ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಎದ್ದಿವೆ. ದೂರದ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ಬಂದ ಕೂಲಿಕಾರರು ಬಾಡಿಗೆ ಕೋಣೆಗಳಲ್ಲಿ ತುಂಬಿದ್ದಾರೆ. ಕೇಂದ್ರಗಳ ಪ್ರಮಾಣವಾದರೋ ಜನಗಣತಿಯನ್ನು ಅವಲಂಬಿಸಿದೆ. 2011ರ ತರುವಾಯ 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲೇ ಇಲ್ಲ. ಲೆಕ್ಕಕ್ಕೆ ಬಾರದವನಿಗೆ ವೈದ್ಯನನ್ನು ಒದಗಿಸುವವರಾರು? ಬೊಮ್ಮಸಂದ್ರದಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಳಿವೆಯಲ್ಲಾ ಎಂದು ಕೆಲವರು ಹೇಳಬಹುದು. ಕಣ್ಣಿಗೆ ಕಾಣುವ ಆಸ್ಪತ್ರೆಯು ದಿನಗೂಲಿಯವನ ಕೈಗೆ ಎಟುಕುವುದೆಂದು ಹೇಳಬರುವಂತಿಲ್ಲ.

ಆದುದರಿಂದ ಪ್ರತಿಯೊಂದು ಕೇಂದ್ರವೂ ತಿಂಗಳಿಗೊಮ್ಮೆ ಐದು ಸಂಗತಿಗಳನ್ನು ತನ್ನ ಬಾಗಿಲಲ್ಲಿ ಬರೆದು ಹಾಕಲಿ: ಎಷ್ಟು ರಾತ್ರಿ ವೈದ್ಯರು ಹಾಜರಿದ್ದರು, ಎಷ್ಟು ರೋಗಿಗಳನ್ನು ಬೇರೆಡೆಗೆ ಕಳುಹಿಸಲಾಯಿತು, ಅವರ ಗತಿ ಏನಾಯಿತು, ಎಷ್ಟು ಮಂದಿ ಔಷಧವನ್ನು ಹೊರಗೆ ಕೊಳ್ಳಬೇಕಾಯಿತು, ಸ್ಥಳೀಯ ವಿಳಾಸವಿಲ್ಲದ ಎಷ್ಟು ಮಂದಿಗೆ ಚಿಕಿತ್ಸೆ ದೊರೆಯಿತು. ಇದಕ್ಕೆ ಹೊಸ ಇಲಾಖೆ ಬೇಡ. ಈಗಿರುವ ಆರೋಗ್ಯ ರಕ್ಷಾ ಸಮಿತಿಗಳೂ ಪಂಚಾಯಿತಿಗಳೂ ಕೇಳಿದರೆ ಸಾಕು.

ವೈದ್ಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ವಾಸಕ್ಕೆ ಮನೆ, ಮಕ್ಕಳಿಗೆ ಶಾಲೆ, ಜೊತೆಗೆ ದುಡಿಯುವ ಸಹಾಯಕರು ಇಲ್ಲದೆಡೆ ತಜ್ಞನು ನೆಲೆಸಲಾರನು. ಇವನ್ನು ಒದಗಿಸುವುದು ಸರ್ಕಾರದ ಹೊಣೆ. ಲೆಕ್ಕ ಕೇಳುವುದು ಸಾರ್ವಜನಿಕರ ಹೊಣೆ. ಎರಡೂ ಕೂಡಿದಲ್ಲದೆ ಕಟ್ಟಡಗಳು ಆಸ್ಪತ್ರೆಗಳಾಗಲಾರವು.