ಸಂದೇಶದ ಸರತಿಯನ್ನು ಆಳುವ ಆಜ್ಞೆಗಳು

ಮೈಸೂರು ಸಂಸ್ಥಾನದ ಅಂಚೆ ವ್ಯವಸ್ಥೆಗೆ ಅಡಿಪಾಯ ಹಾಕಿದವರು ಚಿಕ್ಕದೇವರಾಜ ಒಡೆಯರು. ಅವರು 1673ರಲ್ಲಿ ಪಟ್ಟಕ್ಕೆ ಬಂದವರು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವವರೆಗೂ ಸಂಸ್ಥಾನದ ಸ್ವಂತ ವ್ಯವಸ್ಥೆಯಾಗಿ ಉಳಿದ ಈ ಅಂಚೆಯ ತತ್ತ್ವ ಸರಳವಾದುದು: ಕಳಿಸುವವನೂ ಪಡೆಯುವವನೂ ಒಂದೇ ಹೊತ್ತಿನಲ್ಲಿ ಎದುರುಬದುರಾಗಿ ಇರಬೇಕಾಗಿಲ್ಲ, ಇಬ್ಬರ ನಡುವೆ ನಿಂತ ಮೂರನೆಯವನು ಓಲೆಯನ್ನು ಪಡೆದು, ಜೋಪಾನವಾಗಿಟ್ಟು, ವಿಳಾಸ ನೋಡಿ ಮುಟ್ಟಿಸುತ್ತಾನೆ. ಕಂಪ್ಯೂಟರುಗಳ ನಡುವೆ ಇದೇ ಕೆಲಸ ಮಾಡುವ ತಂತ್ರಾಂಶಕ್ಕೆ ಮೆಸೇಜ್ ಬ್ರೋಕರ್ ಎಂದು ಹೆಸರು.

ಇದರ ಅಗತ್ಯ ತೋರುವುದು ಎರಡು ವ್ಯವಸ್ಥೆಗಳು ಒಂದನ್ನೊಂದು ಅವಲಂಬಿಸಿದಾಗ. ಹರದನಹಳ್ಳಿ ಎಂಬ ಊರಿನ ಜಮೀನೊಂದು ಕ್ರಯವಾದರೆ ಪತ್ರವು ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ನೋಂದಣಿಯಾಗುತ್ತದೆ. ಪಹಣಿಯಲ್ಲಿ ಹೆಸರು ಬದಲಾಗಬೇಕಾದುದು ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ. ಒಂದು ಕಡೆ ನೋಂದಣಿಯಾದ ವಿವರ ಇನ್ನೊಂದು ಕಡೆಗೆ ತಲುಪಿದರೆ ಮಾತ್ರ ಖಾತೆ ಬದಲಾವಣೆಯ ಕಾರ್ಯ ಮುಂದುವರಿಯುತ್ತದೆ. ಇಂತಹ ಜೋಡಣೆಗಳಲ್ಲಿ ಎರಡನೆಯ ಗಣಕ ಕೆಲಹೊತ್ತು ಸ್ಥಗಿತವಾದರೂ ಮೊದಲನೆಯದು ಕಳಿಸಿದ ವಿವರ ಕಳೆದುಹೋಗದಂತೆ ಸರತಿಯಲ್ಲಿ ಕಾಯಿಸಿಡುವುದೇ ಬ್ರೋಕರಿನ ಕರ್ತವ್ಯ. ಆ ಸರತಿಗೆ ಕ್ಯೂ ಎಂದೂ, ಅದರಿಂದ ಸಂದೇಶವನ್ನು ಎತ್ತಿಕೊಳ್ಳುವ ಪ್ರೋಗ್ರಾಮಿಗೆ ಕನ್ಸ್ಯೂಮರ್ ಎಂದೂ ಕರೆಯುತ್ತಾರೆ.

ಈ ವರ್ಗದ ತಂತ್ರಾಂಶಗಳಲ್ಲಿ ಬಹಳ ಬಳಕೆಯಲ್ಲಿರುವ ರ‍್ಯಾಬಿಟ್‌ಎಂಕ್ಯೂ 2007ರಲ್ಲಿ ಹೊರಬಂದಿತು. ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನಲ್ಲಿದ್ದ ಜಾನ್ ಒ’ಹಾರಾ 2003ರಲ್ಲಿ ಆರಂಭಿಸಿದ ಎಎಂಕ್ಯೂಪಿ ಎಂಬ ಮುಕ್ತ ಸಂವಹನ ನಿಯಮಾವಳಿಯನ್ನು ಅದು ಅನುಸರಿಸಿತು. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಎಡೆಬಿಡದೆ ನಡೆಯಲೆಂದು ರೂಪುಗೊಂಡ ಎರ್ಲಾಂಗ್ ಭಾಷೆಯಲ್ಲಿ ಅದನ್ನು ಬರೆದಿದ್ದಾರೆ.

ಬ್ರೋಕರ್ ತಾನಾಗಿ ನಡೆಯುವ ವ್ಯವಸ್ಥೆಯಾದರೂ ಅದನ್ನು ನೋಡಿಕೊಳ್ಳುವವರು ಬೇಕೇಬೇಕು. ಯಾವ ಸರತಿಯಲ್ಲಿ ಎಷ್ಟು ಸಂದೇಶಗಳು ಕೂತಿವೆ, ಎತ್ತಿಕೊಳ್ಳುವವರು ಇದ್ದಾರೆಯೇ, ಯಾವ ಬಳಕೆದಾರನಿಗೆ ಏನು ಅನುಮತಿ ಎಂಬುದನ್ನು ನಿರ್ವಾಹಕ ತಿಳಿಯಬೇಕು. ಬ್ರೌಸರಿನಲ್ಲಿ ಕಾಣುವ ಪುಟ ಇದಕ್ಕೆ ಇದೆ. ಆದರೆ ನೂರಾರು ಗಣಕಗಳಲ್ಲಿ ಒಂದೇ ಕೆಲಸವನ್ನು ತಪ್ಪಿಲ್ಲದೆ ಮಾಡಬೇಕಾದಾಗ, ನಡುರಾತ್ರಿ ತಾನಾಗಿ ಪರೀಕ್ಷೆ ನಡೆಯಬೇಕಾದಾಗ, ಕೀಲಿಮಣೆಯಿಂದ ಅಕ್ಷರಗಳಲ್ಲಿ ಆಜ್ಞೆ ಕೊಡುವ ಕಮಾಂಡ್‌ಲೈನ್ ಸಾಧನಕ್ಕೆ ಸಾಟಿಯಿಲ್ಲ, ಏಕೆಂದರೆ ಒಮ್ಮೆ ಬರೆದ ಆಜ್ಞೆಯನ್ನು ಕಡತದಲ್ಲಿಟ್ಟು ಮತ್ತೆ ಮತ್ತೆ ನಡೆಸಬಹುದು, ಇನ್ನೊಬ್ಬರು ಓದಿ ಪರಿಶೀಲಿಸಲೂಬಹುದು.

ರ‍್ಯಾಬಿಟ್‌ಎಂಕ್ಯೂವಿನ ಮುಖ್ಯ ಸಾಧನದ ಹೆಸರು ರ‍್ಯಾಬಿಟ್‌ಎಂಕ್ಯೂಸಿಟಿಎಲ್. ‘ಲಿಸ್ಟ್ ಕ್ಯೂಸ್’ ಎಂಬ ಆಜ್ಞೆ ಕೊಟ್ಟರೆ ಸರತಿಗಳ ಪಟ್ಟಿ ಬರುತ್ತದೆ. ಎರ್ಲಾಂಗ್ ಕುಕಿ ಎಂಬ ಗುಟ್ಟಿನ ಪದ ಸಾಧನದ ಬಳಿಯೂ ಬ್ರೋಕರಿನ ಬಳಿಯೂ ಒಂದೇ ಆಗಿದ್ದರೆ ಮಾತ್ರ ಸಂಪರ್ಕ ಏರ್ಪಡುತ್ತದೆ. ಹೊಸಬರನ್ನು ಕಾಡುವ ತೊಡಕುಗಳಲ್ಲಿ ಈ ಪದ ಹೊಂದದಿರುವುದೂ ಒಂದು. ಕೆಲಸ ಕೆಟ್ಟಾಗ ಸಾಧನ ಮಾತಿನ ಜೊತೆಗೆ ಒಂದು ಸಂಖ್ಯೆಯನ್ನೂ ಹಿಂದಿರುಗಿಸುತ್ತದೆ: ಆಜ್ಞೆಯನ್ನು ತಪ್ಪಾಗಿ ಬರೆದಿದ್ದರೆ 64, ಬ್ರೋಕರ್ ಕೈಗೆ ಸಿಗದಿದ್ದರೆ 69. ಮಾತು ಮನುಷ್ಯನಿಗೆ, ಸಂಖ್ಯೆ ಆಜ್ಞೆಯನ್ನು ನಡೆಸಿದ ಪ್ರೋಗ್ರಾಮಿಗೆ.

ಮಹತ್ವದ ತಿರುವು ಬಂದುದು 2017ರ 3.7 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಆಜ್ಞೆಗಳು ಸಾಧನದೊಳಗೇ ಹೆಣೆದುಕೊಂಡಿದ್ದವು; ಬ್ರೋಕರಿಗೆ ಹೊಸ ಸಾಮರ್ಥ್ಯ ಕೊಡುವ ಪ್ಲಗ್‌ಇನ್ ಎಂಬ ಹೆಚ್ಚುವರಿ ಭಾಗವನ್ನು ಬರೆದವರು ಅದಕ್ಕೆ ತಕ್ಕ ಆಜ್ಞೆಯನ್ನು ಸೇರಿಸುವ ದಾರಿ ಇರಲಿಲ್ಲ. ಆ ಆವೃತ್ತಿಯಲ್ಲಿ ಸಾಧನವನ್ನು ಎಲಿಕ್ಸರ್ ಭಾಷೆಯಲ್ಲಿ ಹೊಸದಾಗಿ ಬರೆದು, ಪ್ರತಿ ಆಜ್ಞೆಯನ್ನೂ ಸ್ವತಂತ್ರ ಘಟಕವನ್ನಾಗಿ ಮಾಡಲಾಯಿತು. ಘಟಕವೊಂದು ಪಾಲಿಸಬೇಕಾದ ಕರಾರು ನಿಗದಿಯಾಗಿದೆ: ಬಳಕೆದಾರ ಬಿಟ್ಟ ವಿವರಗಳಿಗೆ ರೂಢಿಯ ಮೌಲ್ಯ ತುಂಬಬೇಕು, ಕೊಟ್ಟದ್ದು ಸರಿಯೇ ಎಂದು ಪರೀಕ್ಷಿಸಬೇಕು, ಏನು ಮಾಡಲಿರುವೆನೆಂದು ಒಂದು ಸಾಲು ತಿಳಿಸಬೇಕು, ಕೆಲಸ ನಡೆಸಬೇಕು, ಕೊನೆಗೆ ಫಲಿತಾಂಶವನ್ನು ಒಪ್ಪವಾಗಿ ಒಪ್ಪಿಸಬೇಕು. ಈ ಕರಾರಿಗೆ ಬದ್ಧವಾದ ಘಟಕ ಸಕ್ರಿಯ ಪ್ಲಗ್‌ಇನ್ನಿನೊಳಗೆ ನಿಗದಿತ ಮಾದರಿಯ ಹೆಸರಿನಲ್ಲಿದ್ದರೆ ಸಾಧನವೇ ಅದನ್ನು ಹುಡುಕಿ ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಒಂದು ಬ್ರೋಕರಿನಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ಶವಲ್ ಪ್ಲಗ್‌ಇನ್ ‘ಶವಲ್ ಸ್ಟೇಟಸ್’ ಎಂಬ ತನ್ನ ಆಜ್ಞೆಯನ್ನು ತಾನೇ ತರುವುದು ಹೀಗೆ. ಸಾಧನದ ಮೂಲವನ್ನು ಮುಟ್ಟದೆಯೇ ಅದು ಬೆಳೆಯಬಲ್ಲದು ಎಂಬುದೇ ಈ ವಿನ್ಯಾಸದ ದೊಡ್ಡ ಗುಣ. ಒಂದು ಸಾಮರ್ಥ್ಯದ ಒಳಹೊರಗನ್ನು ಚೆನ್ನಾಗಿ ಬಲ್ಲವರೇ ಅದರ ಆಜ್ಞೆಯನ್ನೂ ಬರೆಯುವುದು ಯಾವ ತಂತ್ರಾಂಶಕ್ಕಾದರೂ ಆರೋಗ್ಯಕರ.

ಪರೀಕ್ಷೆಯ ಹಂತವನ್ನು ಬೇರೆಯಾಗಿ ಇಟ್ಟಿರುವುದಕ್ಕೆ ಬಲವಾದ ಕಾರಣವಿದೆ. ‘ಪರ್ಜ್ ಕ್ಯೂ’ ಎಂಬ ಆಜ್ಞೆ ಸರತಿಯಲ್ಲಿ ಕಾಯುತ್ತಿರುವ ಸಂದೇಶಗಳನ್ನೆಲ್ಲ ಅಳಿಸಿಬಿಡುತ್ತದೆ, ಅಳಿದದ್ದು ಮರಳಿ ಬರುವುದಿಲ್ಲ. ಆ ಸಂದೇಶ ಯಾರದೋ ಹಣಪಾವತಿಯದ್ದೋ ಜಮೀನಿನದ್ದೋ ಆಗಿರಬಹುದು. ಹೊಸ ಆಜ್ಞೆ ಬರೆಯುವವರು ಮೊದಲು ಯೋಚಿಸಬೇಕಾದುದು ಅದು ಏನನ್ನು ಮಾಡುತ್ತದೆ ಎಂಬುದನ್ನಲ್ಲ, ತಪ್ಪು ಹೆಸರು ಕೊಟ್ಟಾಗ ಅದು ಏನನ್ನು ಮಾಡದೆ ನಿಲ್ಲುತ್ತದೆ ಎಂಬುದನ್ನು. ನೋಡುವ ಆಜ್ಞೆ ಮತ್ತು ಬದಲಿಸುವ ಆಜ್ಞೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿರುವುದು ಒಳ್ಳೆಯ ಸಾಧನದ ಲಕ್ಷಣ. ರ‍್ಯಾಬಿಟ್‌ಎಂಕ್ಯೂ ತಪಾಸಣೆಗೆಂದೇ ‘ಡಯಾಗ್ನಾಸ್ಟಿಕ್ಸ್’ ಎಂಬ ಪ್ರತ್ಯೇಕ ಸಾಧನ ಇಟ್ಟಿರುವುದು ಈ ದೃಷ್ಟಿಯಿಂದ ಮೆಚ್ಚತಕ್ಕದ್ದು.

ಈ ತಂತ್ರಾಂಶದ ಮೂಲ ಸಂಕೇತ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸಿನಡಿ ಎಲ್ಲರಿಗೂ ತೆರೆದಿದೆ. ಒಂದು ಆಜ್ಞೆಯ ಘಟಕ ಹಲವು ಬಾರಿ ಒಂದೆರಡು ಪುಟಗಳಿಗಿಂತ ದೊಡ್ಡದಿರುವುದಿಲ್ಲ. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂತಹ ಕಡೆ ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಬೆಂಗಳೂರಿನ ಕೆಲಸಕ್ಕೆ ಕಾಯದೆ ಇಂದೇ ಇಂತಹ ಒಂದು ಘಟಕವನ್ನು ತೆರೆದು ಓದಬೇಕು, ತಮ್ಮದೊಂದನ್ನು ಬರೆದು ನಡೆಸಿ ನೋಡಬೇಕು.