ಗುಲಾಬಿ ಚಿನ್ನ ಮಂಕಾಗುವುದೇಕೆ?

ರಾಯಚೂರಿನವರಿಗೆ ಚಿನ್ನವೆಂದೊಡನೆ ಹಟ್ಟಿಯ ಗಣಿ ನೆನಪಾಗುತ್ತದೆ. ದೇವದುರ್ಗದ ಕಡೆ ಊಟಿಯಲ್ಲಿಯೂ ಮಾನ್ವಿಯ ಕಡೆ ಹೀರಾಬುದ್ದಿನ್ನಿಯಲ್ಲಿಯೂ ಅದಿರನ್ನು ಅಗೆದುದುಂಟು. ಈ ಸೀಮೆಯ ಬಂಡೆಗಳಲ್ಲಿ, ಗಂಧಕವನ್ನೊಳಗೊಂಡ ಖನಿಜಗಳ ನೆರೆಯಲ್ಲಿಯೇ ಸುಮಾರು 250 ಕೋಟಿ ವರ್ಷ ಹುದುಗಿದ್ದರೂ ಚಿನ್ನವು ಚಿನ್ನವಾಗಿಯೇ ಉಳಿದಿದೆ. ಹಾಗಾದರೆ, ಲಕ್ಷಗಟ್ಟಲೆ ಹಣ ತೆತ್ತು ಕೊಂಡ ಗುಲಾಬಿ ಚಿನ್ನದ ಕೈಗಡಿಯಾರವು ಕೆಲವೇ ವರ್ಷಗಳಲ್ಲಿ ಮಂಕಾಗುವುದೇಕೆ? ಮಾರಿದವನು ಮೋಸಮಾಡಿದನೆ?

ಅವಸರದಿಂದ ಹಾಗೆ ತೀರ್ಮಾನಿಸಬಾರದು. ಅಪರಂಜಿಯು ಬಲು ಮೃದು; ಗಡಿಯಾರದ ಹೊರಕವಚಕ್ಕೆ ಅದು ಒದಗದು. ಆದುದರಿಂದ ಅದಕ್ಕೆ ಬೇರೆ ಲೋಹಗಳನ್ನು ಬೆರೆಸುತ್ತಾರೆ. 18 ಕ್ಯಾರೆಟ್ಟಿನ ಒಂದು ಬಗೆಯ ಕೆಂಪು ಚಿನ್ನದಲ್ಲಿ ನೂರು ಗ್ರಾಮಿಗೆ ಚಿನ್ನ 75, ತಾಮ್ರ 20.5, ಬೆಳ್ಳಿ 4.5 ಗ್ರಾಂ ಇರುತ್ತವೆ. ಕೆಂಪು ಛಾಯೆಯು ತಾಮ್ರದ್ದು. ತೂಕದಲ್ಲಿ ಅದು ಐದರಲ್ಲೊಂದು ಪಾಲು ಮಾತ್ರವೆಂದು ಕಡೆಗಣಿಸುವಂತಿಲ್ಲ. ತಾಮ್ರದ ಪರಮಾಣುವಿನ ಭಾರ ಚಿನ್ನದ ಪರಮಾಣುವಿನ ಮೂರನೆಯ ಒಂದು ಪಾಲಿನಷ್ಟೇ ಇರುವುದರಿಂದ, ಎಣಿಸುತ್ತ ಹೋದರೆ ನೂರು ಪರಮಾಣುಗಳಲ್ಲಿ ಸುಮಾರು 43 ತಾಮ್ರದವೇ ಆಗಿರುತ್ತವೆ! ನಮ್ಮ 22 ಕ್ಯಾರೆಟ್ಟಿನ ತಾಳಿಯಲ್ಲಿ, ಬೆರಕೆಯೆಲ್ಲವೂ ತಾಮ್ರವೆಂದೇ ಇಟ್ಟುಕೊಂಡರೂ, ಆ ಸಂಖ್ಯೆ 22ನ್ನು ಮೀರದು.

ತಾಮ್ರದ ಕೊಡ ಕಪ್ಪಿಡುವುದನ್ನು ಕಾಣದವರಾರು? ಗಡಿಯಾರದಲ್ಲಿಯೂ ನಡೆಯುವುದು ಅದೇ, ಆದರೆ ಬಹು ನಿಧಾನವಾಗಿ. ಗಾಳಿಯ ಆಮ್ಲಜನಕವೂ ಗಂಧಕಯುಕ್ತ ಅನಿಲಗಳೂ ಮೇಲ್ಮೈಯ ತಾಮ್ರ ಬೆಳ್ಳಿಗಳೊಡನೆ ಕೂಡಿ ಕಂದು ಪೊರೆಯನ್ನು ಕಟ್ಟುತ್ತವೆ. ರಾಯಚೂರಿನ ಬೇಸಗೆಯಲ್ಲಂತೂ ಬೆವರಿನ ಉಪ್ಪು ಈ ಕೆಲಸಕ್ಕೆ ಒತ್ತಾಸೆಯಾಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಬದಲಾವಣೆಯೂ ಉಂಟು. ಈಜುಕೊಳದ ಕ್ಲೋರಿನ್ ಬೆರೆತ ನೀರು ಮೇಲ್ಪದರದ ತಾಮ್ರವನ್ನು ಕರಗಿಸಿ ಒಯ್ಯಬಲ್ಲುದು. ಆಗ ಕೆಂಪು ಇಳಿದು ಹಳದಿ ತಲೆದೋರುತ್ತದೆ. ವಿನೋದವೆಂದರೆ, ಒಡೆಯನು ಕೆಟ್ಟಿತೆಂದು ಮರುಗುವ ಆ ತೆಳುಪದರದಲ್ಲಿ ಚಿನ್ನದ ಪಾಲು ಮೊದಲಿಗಿಂತ ಹೆಚ್ಚು! ಇದನ್ನು ತಡೆಯಲೆಂದು ರೋಲೆಕ್ಸ್ ಸಂಸ್ಥೆಯು 2005ರಲ್ಲಿ ಪ್ಲಾಟಿನಂ ಬೆರೆಸಿದ ಗುಲಾಬಿ ಚಿನ್ನವನ್ನು ಹೊರತಂದಿತು.

ನಿಜವಾದ ನಷ್ಟವಿರುವುದು ಪದೇಪದೇ ಹೊಳಪು ಕೊಡಿಸುವುದರಲ್ಲಿ. ಹಾಗೆ ಉಜ್ಜಿದಾಗಲೆಲ್ಲ ಪೊರೆಯೊಡನೆ ಒಳ್ಳೆಯ ಚಿನ್ನವೂ ಸವೆದುಹೋಗುತ್ತದೆ, ಕವಚದ ಅಂಚುಗಳು ಮೊಂಡಾಗುತ್ತವೆ. ದಿನವೂ ಮೆತ್ತನೆಯ ಒದ್ದೆಬಟ್ಟೆಯಿಂದ ಬೆವರನ್ನು ಒರೆಸಿ, ಒಣಬಟ್ಟೆಯಿಂದ ತೇವ ತೆಗೆದರೆ ಸಾಕು. ಆದರೆ ಸವೆದ ಅಂಚಿನಲ್ಲಿ ಬಿಳಿಯ ಲೋಹವು ಇಣುಕಿದರೆ ಮಾತು ಬೇರೆ: ಅದು ಗಿಲೀಟಿನ ಗಡಿಯಾರ. ಅದನ್ನು ಅಪ್ಪಟ ಚಿನ್ನವೆಂದು ಮಾರಿದ್ದರೆ ಮಾತ್ರ, ರಸೀದಿ ಹಿಡಿದು ಅಂಗಡಿಯವನನ್ನು ಕೇಳಬೇಕು.