ಸಿಸ್ಟಮ್‌ಡಿ ಇಲ್ಲದ ಲಿನಕ್ಸ್

ಅಂಗಡಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಬೇಕು. ‘ಸಿಸ್ಟಮ್‌ಡಿ ಇಲ್ಲದ್ದು ತಗೋ’ ಅಂತಾರೆ ಗೆಳೆಯರು. ಹಾಗಂದರೇನು? ಯಾವುದನ್ನು ಆರಿಸಲಿ?
ಓದುಗರು, ಔರಾದ

ಬೆಳಗಿನ ಬೀದರ್ ಬಸ್ ನಿಲ್ದಾಣ ನೆನೆಯಿರಿ. ಕಂಟ್ರೋಲರ್ ಮೊದಲು ಭಾಲ್ಕಿ ಬಸ್ಸಿಗೆ ಸೀಟಿ ಊದುತ್ತಾರೆ; ಅದು ಗೇಟು ದಾಟಿದ ಮೇಲೆಯೇ ಔರಾದ ಬಸ್ಸಿನ ಸರದಿ ಎನ್ನಿ. ಲಿನಕ್ಸಿನಲ್ಲಿ ಅದರ ತಿರುಳಾದ ಕರ್ನಲ್ ಎದ್ದೊಡನೆ ಶುರುವಾಗುವ ಮೊದಲ ಪ್ರೋಗ್ರಾಮೇ ಈ ಕಂಟ್ರೋಲರ್. ಅದರ ಕ್ರಮಸಂಖ್ಯೆ ಯಾವಾಗಲೂ 1. ನೆಟ್‌ವರ್ಕ್, ಪ್ರಿಂಟರ್, ಲಾಗಿನ್ ಪರದೆ ಎಲ್ಲವನ್ನೂ ಹೊರಡಿಸುವುದು ಅದೇ.

ಹಳೆಯ ಕಂಟ್ರೋಲರ್ ಸಿಸ್‌ವಿ ಇನಿಟ್ ಹೀಗೆ ಒಂದಾದ ಮೇಲೊಂದು ಬಿಡುತ್ತಿತ್ತು. 2010ರಲ್ಲಿ ಬಂದ ಹೊಸ ಕಂಟ್ರೋಲರ್ ಸಿಸ್ಟಮ್‌ಡಿ ಎಲ್ಲ ಪ್ಲಾಟ್‌ಫಾರಂಗೂ ಒಟ್ಟಿಗೆ ಸೀಟಿ ಊದಿತು. ವೇಗವೇನೋ ಬಂತು. ಆದರೆ ಲಾಗ್ ಬರೆಯುವುದು, ಗಡಿಯಾರ ಹೊಂದಿಸುವುದು, ಲಾಗಿನ್ ನಿಗಾ ಎಲ್ಲವೂ ಅದರ ಬಳಗಕ್ಕೇ ಸೇರಿದವು. ಕಂಟ್ರೋಲರ್ ಕ್ಯಾಂಟೀನಿನ ಲೆಕ್ಕವನ್ನೂ ಬರೆಯತೊಡಗಿದ ಹಾಗೆ! ಇದನ್ನೊಪ್ಪದ ಕೆಲವರು 2014ರಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನಿಂದ ಕವಲೊಡೆದು ಡೆವುವಾನ್ ಕಟ್ಟಿದರು. ಅದರ ಮೊದಲ ಸ್ಥಿರ ಆವೃತ್ತಿ ಬಂದದ್ದು 2017ರಲ್ಲಿ.

ನಿಮ್ಮ ಯಂತ್ರದಲ್ಲಿ 1 ಜಿಬಿ ರ‍್ಯಾಮ್ ಅಷ್ಟೇ ಇದ್ದರೆ ಸಿಸ್ಟಮ್‌ಡಿ ಇಲ್ಲದ ಹಗುರ ಲಿನಕ್ಸ್ ಆಂಟಿಎಕ್ಸ್ ಹಾಕಿ. ಹೆಚ್ಚಿದ್ದರೆ ಡೆವುವಾನ್ ಇರಲಿ: ಡೆಬಿಯನ್ನಿನ ಬಹುತೇಕ ತಂತ್ರಾಂಶ, ‘ಗುಬ್ಬಿ’, ‘ನವಿಲು’ ಕನ್ನಡ ಫಾಂಟ್‌ಗಳೂ ಸೇರಿ, ಅದರಲ್ಲಿ ಸಿಗುತ್ತವೆ. ಸಿಸ್ಟಮ್‌ಡಿ ಇಲ್ಲದ ಇನ್ನೆರಡು, ವಾಯ್ಡ್ ಮತ್ತು ಆರ್ಟಿಕ್ಸ್, ಕೈಯಾಡಿಸುವ ಚಟ ಇದ್ದವರಿಗೆ. ನಿಜ ಹೇಳಬೇಕೆಂದರೆ, ಬಿಲ್ಲು ಹಾಕುವಾಗ ಕಂಟ್ರೋಲರ್ ಯಾರೆಂಬುದು ನಿಮಗೆ ಗೊತ್ತೂ ಆಗದು. ಆಂಟಿಎಕ್ಸ್ ಅನ್ನು ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಹಾಗೆ ಓಡಿಸಿ, ನಿಮ್ಮ ಪ್ರಿಂಟರಿನಲ್ಲಿ ಒಂದು ಹಾಳೆ ಬರುತ್ತದೋ ಮೊದಲು ನೋಡಿ.